ಕೇಂದ್ರದ ಖಾಕಿ ಕೆಲಸ: ನಮ್ಮ ಹುಡುಗ್ರು ಅರ್ಜಿ ಹಾಕೋದು ಯಾವಾಗ?

ಮೊನ್ನೆ ಸಂಜೆ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಜಗಳೂರು ಬಸ್ಸಿಗೆ ಕಾಯ್ತಾ ಒಬ್ಬ ಹುಡುಗ ನಿಂತಿದ್ದ. ಒಳ್ಳೇ ಎತ್ತರದ ಆಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು. ಮುಖ ಮಾತ್ರ ಜೋತುಬಿದ್ದಿತ್ತು.

'ಏನಪ್ಪಾ, ಯಾವ ಕೆಲಸಕ್ಕೆ ಬಂದಿದ್ದೆ?' ಅಂತ ಕೇಳಿದೆ.

'ಸಿಆರ್‌ಪಿಎಫ್‌ಗೆ ಯಾವಾಗ ಕರೀತಾರೆ ಅಂತ ಕೇಳೋಕೆ ಬಂದಿದ್ದೆ ಸಾರ್. ಕಂಪ್ಯೂಟರ್ ಸೆಂಟರಿನೋರು ನಿಂಗೆ ವಯಸ್ಸು ಮೀರಿದೆ, ಹೋಗು ಅಂದ್ರು.'

'ಎಷ್ಟು ವಯಸ್ಸು?'

'ಇಪ್ಪತ್ನಾಲ್ಕು.'

'ಯಾವ ವರ್ಗ?'

'ಟು ಎ ಸಾರ್.'

ಸ್ವಾಮಿ, ಅಲ್ಲೇ ನನಗೆ ಪಿತ್ತ ನೆತ್ತಿಗೇರಿತು. ಯಾಕೆ ಅಂತ ಹೇಳ್ತೀನಿ. ಕೇಂದ್ರದ ಪಡೆಗಳ ಕಾನ್‌ಸ್ಟೇಬಲ್ ಕೆಲಸಕ್ಕೆ ವಯಸ್ಸು 18ರಿಂದ 23 ಅನ್ನೋದು ನಿಜ. ಆದರೆ ಹಿಂದುಳಿದ ವರ್ಗದವರಿಗೆ ಮೂರು ವರ್ಷ, ಪರಿಶಿಷ್ಟ ಜಾತಿ ಪಂಗಡದವರಿಗೆ ಐದು ವರ್ಷ ರಿಯಾಯಿತಿ ಇದೆ. ಈ ಹುಡುಗನ ಜಾತಿ ಕೇಂದ್ರದ ಪಟ್ಟಿಯಲ್ಲೂ ಇದೆ. ಅಂದರೆ ಇನ್ನೂ ಅವಕಾಶ ಇದೆ. ಕೀಲಿಮಣೆ ಮುಂದೆ ಕೂತ ಒಬ್ಬ ಪುಣ್ಯಾತ್ಮ ಅರ್ಧ ನಿಮಿಷದಲ್ಲಿ ಅವನನ್ನು ಮುದುಕ ಮಾಡಿ ಕಳಿಸಿಬಿಟ್ಟ. ಆ ಹುಡುಗನೋ, ಹೋಗಿ ಬರೋ ಬಸ್ ಚಾರ್ಜು ದಂಡ ತೆತ್ತು ಮನೆಗೆ ಹೊರಟಿದ್ದ. ಇನ್ನೊಬ್ಬರನ್ನು ಕೇಳಬೇಕು ಅಂತ ಅವನಿಗೂ ಹೊಳೆದಿಲ್ಲ.

ನಮ್ಮ ಜಿಲ್ಲೆಯಲ್ಲಿ ಹೀಗೆ ವಾಪಸ್ ಹೋದವರು ಎಷ್ಟು ಮಂದಿಯೋ! ಲೆಕ್ಕ ಇಟ್ಟವರ್ಯಾರು?

ಭಾಷಣದಲ್ಲಿ ಮಾತ್ರ ಲೆಕ್ಕ ಇರುತ್ತೆ. 'ಕೇಂದ್ರದ ಕೆಲಸದಲ್ಲಿ ಕನ್ನಡಿಗರಿಗೆ ಅನ್ಯಾಯ' ಅಂತ ವೇದಿಕೆ ಮೇಲೆ ಮೈಕು ಹರಿಯೋ ಹಾಗೆ ಕೂಗಿದ್ದನ್ನು ನಾವೂ ಕೇಳಿದ್ದೇವೆ, ಚಪ್ಪಾಳೆ ಹೊಡೆದಿದ್ದೇವೆ. ಅನ್ಯಾಯ ಇತ್ತು, ಸುಳ್ಳಲ್ಲ. ಈ ಪರೀಕ್ಷೆ ಬಹಳ ಕಾಲ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಬಿಹಾರದ ಹುಡುಗ ತಾಯಿನುಡಿಯ ಪಕ್ಕದ ಭಾಷೆಯಲ್ಲಿ ಬರೆಯೋನು, ಹೊನ್ನಾಳಿ ಹುಡುಗ ಪ್ರಶ್ನೆ ಅರ್ಥ ಮಾಡಿಕೊಳ್ಳೋಕೇ ಅರ್ಧ ಹೊತ್ತು ಕಳೆಯೋನು. 2023ರ ಏಪ್ರಿಲ್‌ನಲ್ಲಿ ಸಿಆರ್‌ಪಿಎಫ್ ನೇಮಕದ ವಿಚಾರವಾಗಿ ದಕ್ಷಿಣದಲ್ಲಿ ಗಲಾಟೆ ಎದ್ದಿತು. ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಗೃಹ ಸಚಿವರಿಗೆ ಪತ್ರ ಬರೆದರು, ಕರ್ನಾಟಕದಲ್ಲೂ ಕೂಗು ಎದ್ದಿತು. ಅದೇ ತಿಂಗಳ 15ಕ್ಕೆ ಗೃಹ ಮಂತ್ರಾಲಯ ಪ್ರಕಟಣೆ ಹೊರಡಿಸಿತು: ಕಾನ್‌ಸ್ಟೇಬಲ್ ಪರೀಕ್ಷೆ ಇನ್ನು ಮೇಲೆ ಹಿಂದಿ, ಇಂಗ್ಲಿಷ್ ಅಲ್ಲದೆ 13 ಭಾಷೆಗಳಲ್ಲಿ. ಅದರಲ್ಲಿ ಕನ್ನಡವೂ ಉಂಟು, ಕೊಂಕಣಿಯೂ ಉಂಟು. 2024ರ ಫೆಬ್ರವರಿ 10ರಿಂದ ಮಾರ್ಚ್ 7ರ ತನಕ ದೇಶದ 128 ಊರುಗಳಲ್ಲಿ ಮೊದಲ ಸಲ ಹಾಗೆ ಪರೀಕ್ಷೆ ನಡೆಯಿತು. ಸುಮಾರು 48 ಲಕ್ಷ ಅಭ್ಯರ್ಥಿಗಳು.

ಬಾಗಿಲು ತೆಗೆಸಿದ್ದಾಯಿತು. ಆಮೇಲೆ? ಬಾಗಿಲು ತೆಗೆದಿದೆ ಕಣ್ರಪ್ಪಾ ಅಂತ ಹಳ್ಳಿಗೆ ಹೋಗಿ ಹೇಳಿದವರ್ಯಾರು? ಕೂಗಿದವರು ಮನೆಗೆ ಹೋಗಿ ಮಲಗಿದರು.

ನನಗೆ ಗೊತ್ತಿರೋ ಇನ್ನೊಂದು ಪ್ರಸಂಗ ಕೇಳಿ. ಚನ್ನಗಿರಿ ಕಡೆಯ ಹುಡುಗ. ಕನ್ನಡ ಮೀಡಿಯಂ. ಅರ್ಜಿ ತುಂಬುವಾಗ ಪರೀಕ್ಷೆ ಯಾವ ಭಾಷೆಯಲ್ಲಿ ಅಂತ ಒಂದು ಕಲಂ ಬರುತ್ತೆ. ಸೆಂಟರಿನವನು ರೂಢಿಯಂತೆ 'ಇಂಗ್ಲಿಷ್' ಒತ್ತಿದ. ಹುಡುಗ ಪಕ್ಕದಲ್ಲೇ ನಿಂತಿದ್ದಾನೆ, ಕೇಳಲಿಲ್ಲ, ಅವನೂ ಹೇಳಲಿಲ್ಲ. ಪರೀಕ್ಷೆ ದಿನ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಮುಂದೆ ಕೂತಾಗ ಪರದೆ ತುಂಬ ಇಂಗ್ಲಿಷು. ಪಕ್ಕದವನ ಪರದೆಯಲ್ಲಿ ಕನ್ನಡ! ಒಂದು ಗಂಟೆಯ ಪರೀಕ್ಷೆ. ಆ ಹುಡುಗನಿಗೆ ಹೇಗಾಗಿರಬೇಡ. ದಿಲ್ಲಿಯವರು ಕನ್ನಡ ಕೊಟ್ಟರು, ನಮ್ಮೂರಿನವನೇ ಒಂದು ಬೆರಳಲ್ಲಿ ಕಿತ್ತುಕೊಂಡ. ಇದಕ್ಕೆ ಯಾವ ಹೋರಾಟ ಮಾಡ್ತೀರಿ, ಯಾರ ಪ್ರತಿಕೃತಿ ಸುಡ್ತೀರಿ?

ಹೋಗ್ಲಿ, ಬೈಯೋದು ಸಾಕು. ಓದುಗರಿಗೆ ಉಪಯೋಗವಾಗೋ ಮಾತು ಹೇಳೋಣ. ಚೌಕಿಪೇಟೆ, ಮಂಡಿಪೇಟೆ ಅಂಗಡಿಯವರೇ, ನಿಮ್ಮ ಅಂಗಡಿಯಲ್ಲಿ ಪೊಟ್ಟಣ ಕಟ್ಟೋ ಹುಡುಗನೂ ಎಸ್ಸೆಸ್ಸೆಲ್ಸಿ ಪಾಸಾಗಿರಬಹುದು. ಅವನಿಗಾಗಿ ಸ್ವಲ್ಪ ತಾಳ್ಮೆಯಿಂದ ಓದಿ.

ಬಿಎಸ್‌ಎಫ್ ಪಾಕಿಸ್ತಾನ, ಬಾಂಗ್ಲಾ ಗಡಿ ಕಾಯುತ್ತೆ. ಐಟಿಬಿಪಿ ಚೀನಾ ಕಡೆ. ಎಸ್‌ಎಸ್‌ಬಿ ನೇಪಾಳ, ಭೂತಾನ್ ಕಡೆ. ಅಸ್ಸಾಂ ರೈಫಲ್ಸ್ ಈಶಾನ್ಯಕ್ಕೆ. ಸಿಐಎಸ್‌ಎಫ್ ಅಂದರೆ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಗು ತಪಾಸಣೆ ಮಾಡೋರು, ಮಂಗಳೂರು ಬಂದರು ಕಾಯೋರು. ಸಿಆರ್‌ಪಿಎಫ್ ನಿಮಗೆ ಗೊತ್ತೇ ಇದೆ, ಎಲೆಕ್ಷನ್ ಬಂದಾಗ ಬಂದೂಕು ಹಿಡಿದು ಬೀದಿಯಲ್ಲಿ ಕವಾಯತು ಮಾಡ್ತಾರಲ್ಲ, ಅವರು. ಬ್ರಿಟಿಷರ ಕಾಲದಲ್ಲಿ, 1939ರಲ್ಲಿ, ಮಧ್ಯ ಭಾರತದ ನೀಮಚ್‌ನಲ್ಲಿ ಶುರುವಾದ ಪಡೆ ಅದು. ಇಷ್ಟೂ ಪಡೆಗಳ ಕಾನ್‌ಸ್ಟೇಬಲ್ ಕೆಲಸಕ್ಕೆ ಅರ್ಜಿ ಒಂದೇ. ಕರೆಯೋರು ಸ್ಟಾಫ್ ಸೆಲೆಕ್ಷನ್ ಕಮಿಷನ್, ಅಂದರೆ ಎಸ್‌ಎಸ್‌ಸಿ. ಕರ್ನಾಟಕ ಮತ್ತು ಕೇರಳಕ್ಕೆ ಅದರ ವಲಯ ಕಚೇರಿ ಬೆಂಗಳೂರಿನ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ಯಾವ ಪಡೆ ಮೊದಲು ಬೇಕು, ಯಾವುದು ಆಮೇಲೆ ಅಂತ ಅರ್ಜಿಯಲ್ಲೇ ಬರೆಯಬೇಕು. ಇದನ್ನೂ ಸೆಂಟರಿನವನ ಇಷ್ಟಕ್ಕೆ ಬಿಡಬೇಡಿ. ಹಿಮದಲ್ಲಿ ನಿಲ್ಲೋದು ನೀವು, ಅವನಲ್ಲ.

ಓದು ಹತ್ತನೇ ಕ್ಲಾಸು ಸಾಕು. ಅರ್ಜಿ ಶುಲ್ಕ 100 ರೂಪಾಯಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಮಾಜಿ ಸೈನಿಕರಿಗೆ ಅದೂ ಇಲ್ಲ. ಹಾಗಿರುವಾಗ ಜಗಳೂರಿನ ಪರಿಶಿಷ್ಟ ಪಂಗಡದ ಹುಡುಗಿ ಹತ್ತಿರ 'ಫೀಸು' ಅಂತ ಐನೂರು ಇಸಕೊಂಡದ್ದು ಯಾವ ಬಾಬ್ತಿಗೆ? ಕೆಲಸ ಮಾಡಿಕೊಟ್ಟದ್ದಕ್ಕೆ ಕೂಲಿ ತಗೊಳ್ಳಲಿ, ಬೇಡ ಅನ್ನೋಲ್ಲ. ಸರ್ಕಾರದ ಹೆಸರಲ್ಲಿ ತಗೋಬಾರದು.

ಅರ್ಜಿ ಹಾಕೋ ಮುಂಚೆ ಎಸ್‌ಎಸ್‌ಸಿ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಬೇಕು. 2024ರ ಫೆಬ್ರವರಿಯಲ್ಲಿ ಹೊಸ ವೆಬ್‌ಸೈಟು ಬಂದಿದೆ, ಹಳೇದರಲ್ಲಿ ಮಾಡಿಸಿದ್ದ ನೋಂದಣಿ ನಡೆಯೋಲ್ಲ. ಹೆಸರು, ಹುಟ್ಟಿದ ದಿನ ಎಲ್ಲ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇದ್ದ ಹಾಗೇ ಇರಬೇಕು. ನಮ್ಮ ಕಡೆ ಇನಿಷಿಯಲ್ ಒಂದು ದೊಡ್ಡ ಶನಿ. ಕಾರ್ಡಿನಲ್ಲಿ ಹಿಂದೆ, ಆಧಾರಿನಲ್ಲಿ ಮುಂದೆ, ಟಿಸಿಯಲ್ಲಿ ನಾಪತ್ತೆ. ಇದನ್ನು ಕೊನೇ ದಿನ ಸರಿ ಮಾಡೋಕೆ ಆಗಲ್ಲ, ಈಗಲೇ ಮಾಡಿಸಿಕೊಳ್ಳಿ. ಮೊಬೈಲ್ ನಂಬರು ನಿಮ್ಮದೇ ಕೊಡಿ. ಎಷ್ಟೋ ಹುಡುಗರು ಸೆಂಟರಿನವನ ನಂಬರು ಕೊಟ್ಟು ಬರ್ತಾರೆ. ಪ್ರವೇಶ ಪತ್ರ ಅಂಚೆಯಲ್ಲಿ ಬರೋ ಕಾಲ ಹೋಯಿತು, ಅದನ್ನೂ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಬೇಕು. ಸುದ್ದಿ ಅವನ ಫೋನಿಗೆ ಬಂದರೆ ನಿಮಗೆ ಹೇಳೋರ್ಯಾರು? ಫೋಟೋ ಕೂಡ ಹಳೇ ಪಾಸ್‌ಪೋರ್ಟ್ ಸೈಜಿನದು ಅಂಟಿಸೋದಲ್ಲ, ಅರ್ಜಿ ತುಂಬುವಾಗಲೇ ಕ್ಯಾಮೆರಾ ಮುಂದೆ ಕೂತು ತೆಗೆಸಬೇಕು. ಟೋಪಿ, ಕನ್ನಡಕ ಬೇಡ. ಕೈಯಲ್ಲಿ ಒಳ್ಳೇ ಫೋನಿದ್ದು ಸ್ವಲ್ಪ ಇಂಗ್ಲಿಷ್ ಓದೋಕೆ ಬಂದರೆ ಇದೆಲ್ಲ ಮನೆ ಕಟ್ಟೆ ಮೇಲೆ ಕೂತು ಮಾಡಬಹುದು.

ಇನ್ನು ಸರ್ಟಿಫಿಕೇಟಿನ ಗೋಳು. ಇದು ನಿಜವಾದ ಗೋಳು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ಕೇಂದ್ರದ ಓಬಿಸಿ ಪಟ್ಟಿ ಬೇರೆ. ಪ್ರವರ್ಗ ಒಂದು, ಟು ಎ, ತ್ರೀ ಬಿ ಅಂತೆಲ್ಲ ನಾವು ಹೇಳೋದು ರಾಜ್ಯದ ಲೆಕ್ಕ. ದಿಲ್ಲಿಯವರಿಗೆ ಅದು ಬೇಡ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯೇ ಅಂತ ಮೊದಲು ನೋಡಬೇಕು. ಇದ್ದರೆ, ಅವರು ನೋಟಿಸಿನ ಜೊತೆ ಕೊಟ್ಟಿರೋ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲ ಅಂತ ನಮೂದಿಸಿ ತಹಸೀಲ್ದಾರರ ಪ್ರಮಾಣಪತ್ರ ತಗೋಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗಲೇ 'ಕೇಂದ್ರ ಸರ್ಕಾರದ ಕೆಲಸಕ್ಕೆ' ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ರಾಜ್ಯದ್ದು ಕೊಟ್ಟು ಕಳಿಸ್ತಾರೆ. ಅದನ್ನು ಹಿಡಕೊಂಡು ದಾಖಲೆ ಪರಿಶೀಲನೆಗೆ ಹೋದವನ ಪಾಡು ನಾನು ಕಣ್ಣಾರೆ ನೋಡಿದ್ದೇನೆ. ಪರೀಕ್ಷೆ ಪಾಸು, ಓಟ ಪಾಸು, ಕಾಗದ ಫೇಲು.

ವಾಸಸ್ಥಳ ದೃಢೀಕರಣ ಪತ್ರವೂ ಬೇಕೇ ಬೇಕು. ಯಾಕೆಂದರೆ ಈ ಹುದ್ದೆಗಳನ್ನು ರಾಜ್ಯವಾರು ಹಂಚುತ್ತಾರೆ. ದೊಡ್ಡ ಪಾಲು ಆಯಾ ರಾಜ್ಯದ ಜನಸಂಖ್ಯೆ ನೋಡಿ, ಉಳಿದದ್ದು ಗಡಿ ಜಿಲ್ಲೆಗಳಿಗೆ, ಉಗ್ರಗಾಮಿ ನಕ್ಸಲ್ ಪೀಡಿತ ಪ್ರದೇಶಗಳಿಗೆ. ಅಂದರೆ ಕರ್ನಾಟಕದ ಪಾಲಿಗೆ ಬಂದ ಸೀಟಿಗೆ ನಮ್ಮ ಹುಡುಗ ಸ್ಪರ್ಧೆ ಮಾಡಬೇಕಾದ್ದು ಕರ್ನಾಟಕದವರ ಜೊತೆಗೇ. 'ಇಡೀ ದೇಶದೋರು ಬರ್ತಾರೆ, ನಮಗೆಲ್ಲಿ ಸಿಗುತ್ತೆ' ಅಂತ ಕಟ್ಟೆ ಮೇಲೆ ಕೂತು ಹೇಳೋ ಹಿರಿಯರೇ, ನಿಮ್ಮ ಮಾತು ತಪ್ಪು. ಈ ಸೀಟಿನ ಬೆಲೆ ಹೊರಗಿನೋರಿಗೆ ಗೊತ್ತಿದೆ. ಸುಳ್ಳು ವಾಸಸ್ಥಳ ಪತ್ರ ತೋರಿಸಿ ಪಶ್ಚಿಮ ಬಂಗಾಳದ ಪಾಲಿನ ಸೀಟಿಗೆ ಬೇರೆ ರಾಜ್ಯದವರು ಸೇರಿದ್ದಾರೆ ಅಂತ ಕಲ್ಕತ್ತಾ ಹೈಕೋರ್ಟಿಗೆ ದೂರು ಹೋಗಿ, 2023ರಲ್ಲಿ ಸಿಬಿಐ ತನಿಖೆಯೇ ಶುರುವಾಯಿತು. ಅಲ್ಲಿ ಕಳ್ಳ ಕಾಗದ ಮಾಡಿಸಿಕೊಂಡು ಬರ್ತಾರೆ. ಇಲ್ಲಿ ನಮಗೆ ಸಾಚಾ ಕಾಗದ ಮಾಡಿಸೋಕೆ ಬೇಜಾರು.

ಪರೀಕ್ಷೆ ಅಂಥ ಭೂತವಲ್ಲ. 80 ಪ್ರಶ್ನೆ, 160 ಅಂಕ, 60 ನಿಮಿಷ. ತರ್ಕ, ಸಾಮಾನ್ಯ ಜ್ಞಾನ, ಹತ್ತನೇ ಕ್ಲಾಸಿನ ಲೆಕ್ಕ, ಒಂದು ಭಾಷೆ, ತಲಾ ಇಪ್ಪತ್ತು ಪ್ರಶ್ನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಮೂರು ಭಾಗ ಕನ್ನಡದಲ್ಲಿ ಬರುತ್ತೆ. ಭಾಷೆಯ ಭಾಗ ಮಾತ್ರ ಇಂಗ್ಲಿಷ್ ಇಲ್ಲವೇ ಹಿಂದಿ, ಅಲ್ಲಿಗೆ ಸ್ವಲ್ಪ ತಯಾರಿ ಬೇಕು. ಎನ್‌ಸಿಸಿ ಸರ್ಟಿಫಿಕೇಟಿದ್ದರೆ ಹೆಚ್ಚುವರಿ ಅಂಕ ಸಿಗುತ್ತೆ. 'ಸಿ' ಸರ್ಟಿಫಿಕೇಟಿಗೆ ಒಟ್ಟು ಅಂಕದ ಶೇ. 5, ಅಂದರೆ ಎಂಟು ಅಂಕ. ಎಂಟು ಅಂಕ ಅಂದರೆ ನಾಲ್ಕು ಪ್ರಶ್ನೆ ಸ್ವಾಮಿ! ಉಪ್ಪಿಟ್ಟಿಗಾಗಿ ಎನ್‌ಸಿಸಿ ಸೇರಿದ್ದೆ ಅಂತ ತಮಾಷೆ ಮಾಡೋ ಹುಡುಗರು ಆ ಕಾಗದವನ್ನು ಟ್ರಂಕಿನ ತಳದಿಂದ ಹುಡುಕಿ ತೆಗೀರಿ.

ಆಮೇಲೆ ಮೈಕಟ್ಟು. ಗಂಡಸರಿಗೆ 170 ಸೆಂಟಿಮೀಟರ್ ಎತ್ತರ, ಅಂದರೆ ಸುಮಾರು ಐದಡಿ ಏಳಂಗುಲ. ಎದೆ 80, ಉಸಿರು ತುಂಬಿದಾಗ ಇನ್ನೂ 5 ಉಬ್ಬಬೇಕು. ಹೆಂಗಸರಿಗೆ 157. ಪರಿಶಿಷ್ಟ ಪಂಗಡದ ಗಂಡಸರಿಗೆ 162.5, ಹೆಂಗಸರಿಗೆ 150. ಗಂಡಸರು 5 ಕಿಲೋಮೀಟರನ್ನು 24 ನಿಮಿಷದಲ್ಲಿ, ಹೆಂಗಸರು 1.6 ಕಿಲೋಮೀಟರನ್ನು ಎಂಟೂವರೆ ನಿಮಿಷದಲ್ಲಿ ಓಡಬೇಕು. 400 ಮೀಟರಿನ ಮೈದಾನದಲ್ಲಿ ಹನ್ನೆರಡೂವರೆ ಸುತ್ತು, ಸುತ್ತಿಗೆ ಎರಡು ನಿಮಿಷಕ್ಕೆ ಐದು ಸೆಕೆಂಡು ಕಮ್ಮಿ. ಇವತ್ತು ಮಂಡಕ್ಕಿ ಮೆಣಸಿನಕಾಯಿ ತಿಂದು ನಾಳೆ ಓಡ್ತೀನಿ ಅಂದರೆ ನಡೆಯಲ್ಲ, ಮೂರು ತಿಂಗಳು ಬೆಳಗಿನ ನಿದ್ದೆ ಬಿಡಬೇಕು. ಓಟಕ್ಕೆ ಅಂಕವಿಲ್ಲ, ಆದರೆ ಓಡಿ ಮುಟ್ಟದವನು ಮನೆಗೆ. ವೈದ್ಯರ ಪರೀಕ್ಷೆಯಲ್ಲಿ ಚಪ್ಪಟೆ ಪಾದ, ಒಂದಕ್ಕೊಂದು ಬಡಿಯೋ ಮಂಡಿ, ಉಬ್ಬಿದ ನರ, ಬಣ್ಣ ಗುರುತಿಸದ ಕಣ್ಣು ಇವನ್ನೆಲ್ಲ ನೋಡ್ತಾರೆ. ಕನ್ನಡಕ ಹಾಕಿ ಓದಿ ತೋರಿಸೋ ಹಾಗಿಲ್ಲ. ಹಚ್ಚೆಯೂ ಒಂದು ಸಮಸ್ಯೆ. ಸೆಲ್ಯೂಟ್ ಹೊಡೆಯೋ ಬಲ ಮುಂಗೈ ಮೇಲೆ ಹುಡುಗಿ ಹೆಸರು ಕೊರೆಸಿಕೊಂಡವನು ಹುಡುಗಿಯನ್ನೂ ಕಳಕೊಂಡ, ಕೆಲಸವನ್ನೂ ಕಳಕೊಂಡ ಅಂತ ಒಬ್ಬ ಮಾಜಿ ಹವಾಲ್ದಾರರು ಹೇಳಿ ನಕ್ಕಿದ್ದರು.

ಈಗ ದಲ್ಲಾಳಿಗಳ ಮಾತಿಗೆ ಬರೋಣ. ನಮ್ಮೂರಲ್ಲಿ ಬಿಳಿ ಅಂಗಿ ಹಾಕಿಕೊಂಡು ಹೋಟೆಲ್ ಮೂಲೆಯಲ್ಲಿ ಕೂರೋರು ಇದ್ದಾರೆ. 'ಮೇಲೆ ನಮ್ಮೋರಿದ್ದಾರೆ, ಎರಡು ಲಕ್ಷ ಕೊಡಿ, ಇಂಟರ್‌ವ್ಯೂನಲ್ಲಿ ನೋಡ್ಕೊಳ್ತೀವಿ' ಅಂತಾರೆ. ಅಪ್ಪ ಹೊಲ ಅಡ ಇಟ್ಟು ಕೊಡ್ತಾನೆ. ಅಯ್ಯಾ, ಈ ಕೆಲಸಕ್ಕೆ ಇಂಟರ್‌ವ್ಯೂನೇ ಇಲ್ಲ! ಕೇಂದ್ರದ ಇಂಥ ಕೆಳ ಹಂತದ ಹುದ್ದೆಗಳಿಗೆ 2016ರ ಜನವರಿ 1ರಿಂದಲೇ ಸಂದರ್ಶನ ತೆಗೆದುಹಾಕಿದ್ದಾರೆ. ಕಂಪ್ಯೂಟರ್ ಪರೀಕ್ಷೆ, ಅಳತೆ, ಓಟ, ವೈದ್ಯರು, ಕಾಗದ, ಅಷ್ಟೇ. ಇಲ್ಲದ ಇಂಟರ್‌ವ್ಯೂಗೆ ಎರಡು ಲಕ್ಷ! ಹುಡುಗ ಸ್ವಂತ ಶಕ್ತಿಯಿಂದ ಪಾಸಾದರೆ 'ನಾನೇ ಮಾಡಿಸಿದ್ದು' ಅಂತ ದುಡ್ಡು ಇಟ್ಟುಕೊಳ್ತಾನೆ. ಫೇಲಾದರೆ ಫೋನು ಸ್ವಿಚ್ ಆಫ್. ಎರಡೂ ಕಡೆ ಅವನಿಗೇ ಲಾಭ. ಎಂಥ ಘನಂದಾರಿ ವ್ಯಾಪಾರ ನೋಡಿ, ಮಂಡಿಪೇಟೆಯಲ್ಲೂ ಇಂಥ ವ್ಯಾಪಾರ ಇಲ್ಲ.

ಕೆಲಸ ಹೂವಿನ ಹಾಸಿಗೆ ಅಂತ ನಾನು ಹೇಳ್ತಿಲ್ಲ. ಮೂಲ ವೇತನ 21,700ರಿಂದ ಶುರು, ಮೇಲೆ ಭತ್ಯೆಗಳು. ಆದರೆ ಹೆಂಡತಿ ಮಕ್ಕಳನ್ನು ಬಿಟ್ಟು ಛತ್ತೀಸಗಢದ ಕಾಡಲ್ಲೋ ಕಾಶ್ಮೀರದಲ್ಲೋ ಇರಬೇಕು. ಹಬ್ಬಕ್ಕೆ ರಜೆ ಸಿಕ್ಕರೆ ಪುಣ್ಯ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಮಂದಿ ಜವಾನರು ಸತ್ತರು. ಅವರಲ್ಲಿ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಒಬ್ಬರು. ಹುಡುಗನನ್ನು ಕಳಿಸೋ ಮನೆಯವರು ಇದನ್ನೂ ತಿಳಿದೇ ಕಳಿಸಬೇಕು. ತಿಳಿದೂ ಹೋಗ್ತೀನಿ ಅನ್ನೋ ಹುಡುಗನಿಗೆ ದಾರಿ ತೋರಿಸೋಕೆ ಮಾತ್ರ ನಮ್ಮಲ್ಲಿ ಗತಿಯಿಲ್ಲ, ಅದು ನನ್ನ ಸಂಕಟ.

ಬೇರೆ ದಾರಿಗಳೂ ಇವೆ, ಬೇಗ ಹೇಳಿಬಿಡ್ತೀನಿ. ರೈಲ್ವೆ ರಕ್ಷಣಾ ಪಡೆಗೆ ರೈಲ್ವೆ ನೇಮಕಾತಿ ಮಂಡಳಿ ಕರೆಯುತ್ತೆ, 2024ರಲ್ಲಿ 4,208 ಕಾನ್‌ಸ್ಟೇಬಲ್ ಹುದ್ದೆಗೆ ಕರೆದಿತ್ತು. ಗುಪ್ತಚರ ದಳ ಐಬಿಯಲ್ಲಿ ಸೆಕ್ಯುರಿಟಿ ಅಸಿಸ್ಟೆಂಟ್ ಅಂತ ಕೆಲಸ, 2025ರಲ್ಲಿ 4,987 ಹುದ್ದೆ, ಹತ್ತನೇ ಕ್ಲಾಸು ಸಾಕು, ವಯಸ್ಸು 27ರ ತನಕ. ಅದಕ್ಕೆ ಆಯಾ ರಾಜ್ಯದ ಭಾಷೆ ಗೊತ್ತಿರಲೇಬೇಕು. ಕನ್ನಡ ಬಂದವನಿಗೇ ಕೆಲಸ ಅನ್ನೋ ಕೇಂದ್ರದ ನೋಟಿಸು ದಿನಾ ಸಿಗುತ್ತದೆಯೇ? ಡಿಗ್ರಿ ಆದವರಿಗೆ ಸಬ್ ಇನ್ಸ್‌ಪೆಕ್ಟರ್ ಹುದ್ದೆ ಎಸ್‌ಎಸ್‌ಸಿಯಲ್ಲೇ ಇದೆ. ಅದರ ಪರೀಕ್ಷೆ 2025ರ ನೋಟಿಸಿನಲ್ಲೂ ಹಿಂದಿ, ಇಂಗ್ಲಿಷಿನಲ್ಲೇ ಇತ್ತು. ಕೂಗೋ ಗಂಟಲಿರೋರು ಇದಕ್ಕೆ ಕೂಗಲಿ, ನಾವೂ ದನಿ ಸೇರಿಸ್ತೀವಿ.

ನನ್ನ ಮುಖ್ಯ ತಕರಾರು ದಿಲ್ಲಿ ಮೇಲಲ್ಲ, ಊರಿನ ಮೇಲೆ. 2024ರಲ್ಲಿ 39,481 ಹುದ್ದೆಗೆ ಕರೆದಾಗ ಅರ್ಜಿ ಶುರುವಾದದ್ದು ಸೆಪ್ಟೆಂಬರ್ 5, ಮುಗಿದದ್ದು ಅಕ್ಟೋಬರ್ 14. ಆ ವರ್ಷ ಗಣಪತಿ ಕೂರಿಸಿದ್ದು ಸೆಪ್ಟೆಂಬರ್ 7ಕ್ಕೆ, ವಿಜಯದಶಮಿ ಅಕ್ಟೋಬರ್ 12ಕ್ಕೆ. ಲೆಕ್ಕ ಹಾಕಿ. ನಮ್ಮ ಹುಡುಗರು ರಸೀದಿ ಪುಸ್ತಕ ಹಿಡಿದು ಚಂದಾ ಎತ್ತುತ್ತಿದ್ದಾಗ ಬಾಗಿಲು ತೆಗೆಯಿತು, ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಅಂದ ಎರಡು ದಿನಕ್ಕೆ ಬಾಗಿಲು ಮುಚ್ಚಿತು. ನಡುವೆ ನಲವತ್ತು ದಿನ. ಆ ನಲವತ್ತು ದಿನ ಬೀದಿ ಬೀದಿಯ ಪೆಂಡಾಲಿನಲ್ಲಿ ಮೈಕಿತ್ತು, ಜನ ಇದ್ದರು, ಪುಢಾರಿಗಳ ಫ್ಲೆಕ್ಸು ಇತ್ತು. ಫ್ಲೆಕ್ಸಿನ ಮೂಲೆಯಲ್ಲಿ 'ಅಕ್ಟೋಬರ್ 14 ಕೊನೇ ದಿನ' ಅಂತ ಒಂದು ಸಾಲು ಹಾಕಿದ್ದರೆ ಅವರ ಮುಖದ ಕಳೆ ಕಮ್ಮಿಯಾಗ್ತಿತ್ತೇ?

ಗ್ರಾಮ ಪಂಚಾಯ್ತಿ ಬೋರ್ಡು ಯಾತಕ್ಕಿದೆ? ಉದ್ಯೋಗ ವಿನಿಮಯ ಕಚೇರಿ ಯಾತಕ್ಕಿದೆ? ಕರೆ ಬಂದ ವಾರದಲ್ಲಿ ನಾಡಕಚೇರಿಗಳಲ್ಲಿ ಕೇಂದ್ರದ ಓಬಿಸಿ ಪತ್ರಕ್ಕೆ ಒಂದು ಬೇರೆ ಸಾಲು ಮಾಡಿ ಅಂತ ಜಿಲ್ಲಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಖರ್ಚೇನೂ ಇಲ್ಲ. ಹಳ್ಳಿ ಬಸ್ಸುಗಳಲ್ಲಿ ಡ್ರೈವರ್ ಹಿಂದಿನ ಗಾಜಿಗೆ ಒಂದು ಚೀಟಿ ಅಂಟಿಸಿದರೆ ಹೋಗೋರು ಬರೋರೆಲ್ಲ ಓದ್ತಾರೆ. ಅಂಗಡಿಯವರು 'ಇಂದು ನಗದು ನಾಳೆ ಉದ್ರಿ' ಬೋರ್ಡಿನ ಪಕ್ಕ ಸೀಮೆಸುಣ್ಣದಲ್ಲಿ ಕೊನೇ ದಿನಾಂಕ ಬರೆದಿಡಲಿ.

ಆ ಹುಡುಗನಿಗೆ ಓಬಿಸಿ ನಮೂನೆ ವಿಷಯ ಹೇಳಿದೆ. ಕವರಿನ ಹಿಂದೆ ಬರಕೊಂಡ. 'ಅವರು ಯಾಕೆ ಹಂಗಂದ್ರು ಸಾರ್?' ಅಂತ ಎರಡು ಸಲ ಕೇಳಿದ. ನಾನೇನು ಹೇಳಲಿ? ಅಷ್ಟರಲ್ಲಿ ಬಸ್ಸು ಬಂತು, ಸೀಟಿಗೆ ಟವೆಲ್ ಹಾಕೋ ಗದ್ದಲದಲ್ಲಿ ಅವನು ಹತ್ತಿಹೋದ.

ಮುಂದಿನ ಕರೆ ಬಂದ ದಿನವೇ ಇದೇ ಅಂಕಣದ ನೆತ್ತಿ ಮೇಲೆ ಕೊನೇ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇವೆ. ನಿಯಮ ಬದಲಾಗಿದ್ದರೆ ಅದನ್ನೂ ಹಾಕುತ್ತೇವೆ. ಕತ್ತರಿಸಿ ಅಂಗಡಿ ಕಂಬಕ್ಕೆ ಅಂಟಿಸಿಕೊಳ್ಳಿ.